ಹಳೇ ಫೋರ್‌ವೀಲ್ ಡ್ರೈವ್: 60ಕ್ಕೆ ಹೋದರೆ ಸ್ಟೀರಿಂಗ್ ನಡುಗುತ್ತದೆ, ಮನೆಯಲ್ಲೇ ಸರಿ ಮಾಡಬಹುದಾ?

ಕೆಸರುಚಕ್ರ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಅಪ್ಪನ ಗಾಡಿ ಈಗ ನನ್ನ ಕೈಗೆ ಬಂದಿದೆ. ಮೂವತ್ತು ವರ್ಷ ದಾಟಿದ ಡೀಸೆಲ್ ಫೋರ್‌ವೀಲ್ ಡ್ರೈವ್. ಮುಂದೆ, ಹಿಂದೆ ಎರಡೂ ಕಡೆ ಇಡೀ ಆಕ್ಸಲ್, ಲೀಫ್ ಸ್ಪ್ರಿಂಗ್. ಮುಂದಿನ ಹಬ್ (ಚಕ್ರದ ನಡುಭಾಗ) ಕೈಯಲ್ಲಿ ತಿರುಗಿಸಿ ಲಾಕ್ ಮಾಡುವಂಥದ್ದು. ಪವರ್ ಸ್ಟೀರಿಂಗ್ ಇಲ್ಲ. ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಬ್ಯಾಟರಿ ಹೊಸದು ಹಾಕಿ, ಹಳೇ ಡೀಸೆಲ್ ತೆಗೆದು, ಫಿಲ್ಟರ್ ಬದಲಾಯಿಸಿ, ಏರ್ ತೆಗೆದ ಮೇಲೆ ಎಂಜಿನ್ ಮೂರನೇ ಸಲಕ್ಕೇ ಹೊತ್ತಿಕೊಂಡಿತು. ಎಂಜಿನ್ ಬಗ್ಗೆ ದೂರಿಲ್ಲ.

ತೊಂದರೆ ಎರಡು. ಒಂದು, 55-60 ವೇಗದಲ್ಲಿ ಹೋಗುವಾಗ ಒಂದು ಸಣ್ಣ ಗುಂಡಿ ಸಿಕ್ಕರೂ ಸಾಕು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದ ಹಾಗೆ ನಡುಗುತ್ತದೆ. 30ಕ್ಕೆ ಇಳಿಸುವವರೆಗೂ ನಿಲ್ಲುವುದಿಲ್ಲ. ಎರಡು, ಕ್ಲಚ್ ಬಿಟ್ಟು ಗಾಡಿ ಹೊರಡುವಾಗ ಕೆಳಗಿನಿಂದ ‘ಟಣ್’ ಅಂತ ಒಂದು ಸದ್ದು.

ಗ್ಯಾರೇಜಿಗೆ ತೋರಿಸಿದೆ. ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ನಡುಕ ಹೀರಿಕೊಳ್ಳುವ ಶಾಕ್ ಅಬ್ಸಾರ್ಬರ್) ಹಾಕಿ ಕಳಿಸಿದರು. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಈಗ ಸ್ಟೀರಿಂಗ್ ಬಾಕ್ಸೇ ಹೋಗಿದೆ, ಸದ್ದು ಬರುತ್ತಿರುವುದು ಟ್ರಾನ್ಸ್‌ಫರ್ ಕೇಸಿನಿಂದ (ಗಿಯರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಎರಡೂ ಬದಲಾಯಿಸಿ ಅನ್ನುತ್ತಿದ್ದಾರೆ. ನನ್ನ ಹತ್ತಿರ ಒಂದು ಸೆಟ್ ಪಾನಾ, ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, ಹೈಡ್ರಾಲಿಕ್ ಜಾಕ್, ಎರಡು ಸ್ಟ್ಯಾಂಡ್ ಇವೆ. ಗಾಡಿಯ ರಿಪೇರಿ ಪುಸ್ತಕವೂ ಇದೆ, ಅಪ್ಪ ಇಟ್ಟಿದ್ದರು. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ

ಸ್ವಾಗತ. ಮೊದಲನೇ ಮಾತು: ಏನನ್ನೂ ಕೊಳ್ಳಬೇಡಿ. ಡ್ಯಾಂಪರ್ ಹಾಕಿದ ಮೇಲೆ ಹತ್ತು ದಿನ ಸರಿಯಿತ್ತು ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಡ್ಯಾಂಪರ್ ಅಲ್ಲಾಟವನ್ನು ಮುಚ್ಚಿಡುತ್ತದೆ, ತೆಗೆಯುವುದಿಲ್ಲ. ಹೊಸದಿದ್ದಾಗ ಗಟ್ಟಿ ಹಿಡಿದುಕೊಂಡಿತ್ತು, ಅಷ್ಟೇ.

ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ-ಹೊರಗೆ ಅಲ್ಲಾಡಿಸಿ. ಅಲ್ಲಾಡಿದರೆ ಅದು ವೀಲ್ ಬೇರಿಂಗ್ ಇರಬಹುದು, ಕಿಂಗ್‌ಪಿನ್ ಬೇರಿಂಗೂ ಇರಬಹುದು (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ-ಬಲಕ್ಕೆ ಹೊರಳುವ ಗೂಟವೇ ಕಿಂಗ್‌ಪಿನ್). ಈಗ ಮನೆಯಲ್ಲಿ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಹಬ್ ಮತ್ತು ನಕಲ್ (ಹಬ್ಬನ್ನು ಹೊತ್ತು ಕಿಂಗ್‌ಪಿನ್ ಮೇಲೆ ಹೊರಳುವ ಭಾಗ) ಒಂದೇ ತುಂಡಿನಂತೆ ಆಗುತ್ತವೆ. ಆದ್ದರಿಂದ ಅಲ್ಲಾಟ ಮಾಯವಾದರೆ ತಪ್ಪು ವೀಲ್ ಬೇರಿಂಗಿನದು. ಇನ್ನೂ ಅಲ್ಲಾಡುತ್ತಿದ್ದರೆ ಕಿಂಗ್‌ಪಿನ್.

ಆಮೇಲೆ 3 ಮತ್ತು 9ರ ಜಾಗ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಟೈರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಎಂಡ್‌ಗಳ ಮೇಲೆ ಬೆರಳಿಟ್ಟುಕೊಂಡಿರಲಿ. ಕಣ್ಣಿಗೆ ಕಾಣದ ಅಲ್ಲಾಟ ಬೆರಳಿಗೆ ಗೊತ್ತಾಗುತ್ತದೆ.

ಲೋರೇಂಜ್

ಗ್ರೀಸ್‌ಕೈ ಹೇಳಿದ್ದು ಸರಿ, ಆದರೆ ನಾಲ್ಕು ವರ್ಷ ನಿಂತ ಗಾಡಿ ಅಲ್ವಾ, ನಾನಾದರೆ ಮೊದಲು ಟಯರ್ ನೋಡುತ್ತೇನೆ. ಒಂದೇ ಜಾಗದಲ್ಲಿ ನಿಂತು ಚಪ್ಪಟೆಯಾಗಿರುತ್ತವೆ. ಟಯರಿನ ಪಕ್ಕದಲ್ಲಿ ‘ಡಾಟ್’ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2314 ಅಂದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ 2000ಕ್ಕೂ ಹಿಂದಿನ ಟಯರ್. ಅದರಲ್ಲಿ 60ಕ್ಕೆ ಹೋಗುವುದೇ ಬೇಡ.

ಮುಂದಿನ ಎರಡು ಟಯರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ ನೋಡಿ. ನಡುಕ ಶುರುವಾಗುವ ವೇಗ ಬದಲಾದರೆ ಟಯರಿನದೂ ಪಾಲಿದೆ.

ಹಳೇಪಾನಾ

ನೀವಿಬ್ಬರೂ ಗಾಡಿ ಎತ್ತಿ, ಚಕ್ರ ಬದಲಾಯಿಸಿ ಅಂತ ಹೇಳಿಬಿಟ್ಟಿರಿ. ಅದಕ್ಕೂ ಮೊದಲು ಒಂದು ಮಾತು ಕೇಳಬೇಕು. ಕೆಸರುಚಕ್ರ, ನಿಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಎಲ್ಲಿದೆ? ಹಿಂದಿನ ಚಕ್ರದ ಡ್ರಮ್ಮಿನಲ್ಲೋ, ಟ್ರಾನ್ಸ್‌ಫರ್ ಕೇಸಿನ ಹಿಂದೋ?

ಹಳೇ ವಿಲ್ಲಿಸ್ ಜೀಪು, ಲ್ಯಾಂಡ್ ರೋವರ್ ಸೀರೀಸ್, ಇಂಥ ಬಹಳ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೋಗುವ ಶಾಫ್ಟಿನ ಮೇಲೆ. ಅಂದರೆ ಅದು ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಎರಡೂ ಹಿಂದಿನ ಚಕ್ರ ನೆಲದ ಮೇಲಿದ್ದರೆ ಬಂಡೆಯ ಹಾಗೆ ನಿಲ್ಲುತ್ತದೆ. ಹಿಂದಿನ ಒಂದೇ ಒಂದು ಚಕ್ರ ಎತ್ತಿದಿರೋ, ಮುಗಿಯಿತು. ಶಾಫ್ಟ್ ಅಲ್ಲಾಡದಿದ್ದರೂ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್, ಚಿಕ್ಕದಾಗಿ ಡಿಫ್) ತನ್ನ ಕೆಲಸ ಮಾಡುತ್ತದೆ. ಎತ್ತಿದ ಚಕ್ರ ಹಿಂದಕ್ಕೆ ತಿರುಗಿದರೆ ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ. ಗಾಡಿ ಜಾಕಿನಿಂದ ಬೀಳುತ್ತದೆ. ಮೊದಲನೇ ಗಿಯರಿಗೆ ಹಾಕಿಟ್ಟಿದ್ದೇನೆ ಅಂದರೂ ಅಷ್ಟೇ, ಅದೂ ಹಿಡಿಯುವುದು ಅದೇ ಶಾಫ್ಟನ್ನು. ಇನ್ನು ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗಿಯರ್ ಹಾಕಿದ್ದೂ ಲೆಕ್ಕಕ್ಕಿಲ್ಲ.

ಹಬ್ ಲಾಕ್ ಮಾಡಿ ಫೋರ್‌ವೀಲಿಗೆ ಹಾಕಿದರೆ ಮುಂದಿನ ಚಕ್ರಗಳೂ ಹಿಡಿದುಕೊಳ್ಳುತ್ತವೆ, ನಿಜ. ಅದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಡಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕೆ ಸ್ಟ್ಯಾಂಡು. ಬಿಚ್ಚಿದ ಚಕ್ರವನ್ನು ಚಾಸಿ ಕೆಳಗೆ ಮಲಗಿಸಿಡಿ. ಏನಾದರೂ ಆದರೆ ಅದರ ಮೇಲೆ ಬೀಳಲಿ.

ಕೆಸರುಚಕ್ರ

ಹಳೇಪಾನಾ ಸರ್, ನಿಮ್ಮ ಮಾತು ಓದಿ ಮೈ ಜುಮ್ಮೆಂದಿತು. ಹೋದ ತಿಂಗಳು ಹಿಂದಿನ ಚಕ್ರದ ಗಾಳಿ ಇಳಿದು ಎತ್ತಿದ್ದೆ. ಗಾಡಿ ಒಂದು ಗೇಣು ಮುಂದಕ್ಕೆ ಹೋಗಿ ಜಾಕ್ ವಾಲಿ ನಿಂತಿತು. ಹ್ಯಾಂಡ್‌ಬ್ರೇಕ್ ಸಡಿಲ ಆಗಿದೆ ಅಂದುಕೊಂಡು ಟೈಟ್ ಮಾಡಿದ್ದೆ! ಈಗ ಬಗ್ಗಿ ನೋಡಿದೆ, ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ.

ಮರದ ತುಂಡು ಕೊಟ್ಟು ಮುಂದೆ ಎತ್ತಿ ಪರೀಕ್ಷೆ ಮಾಡಿದೆ. ಬಲಗಡೆ ಸ್ವಲ್ಪ ಅಲ್ಲಾಟ ಇತ್ತು, ಬ್ರೇಕ್ ಒತ್ತಿದಾಗ ಹೋಯಿತು. ಎಡಗಡೆ ಬ್ರೇಕ್ ಒತ್ತಿದರೂ ‘ಟಕ್ ಟಕ್’ ಅನ್ನುತ್ತಿದೆ. ತಂಗಿ ಬ್ರೇಕ್ ಒತ್ತಿಕೊಂಡು ಕೂತಿದ್ದಳು, ಅವಳಿಗೇ ಸದ್ದು ಕೇಳಿಸಿತು. ಟೈರಾಡ್ ಎಂಡ್ ಎಲ್ಲ ಗಟ್ಟಿಯಾಗಿವೆ. ಟಯರ್ ಎರಡೇ ವರ್ಷದ್ದು, ಗಾಡಿ ನಿಂತಿದ್ದಾಗಲೇ ಅಪ್ಪ ಬದಲಾಯಿಸಿದ್ದರು. ಹಿಂದೆ-ಮುಂದೆ ಮಾಡಿ ನೋಡಿದರೂ ಅದೇ ವೇಗಕ್ಕೆ ನಡುಕ.

ಗ್ರೀಸ್‌ಕೈ

ಸಿಕ್ಕಿತು ನೋಡಿ. ಬಲಗಡೆ ವೀಲ್ ಬೇರಿಂಗ್ ಸಡಿಲ, ಎಡಗಡೆ ಕಿಂಗ್‌ಪಿನ್. ಎರಡೂ ಕಡೆ ಒಟ್ಟಿಗೇ ಮಾಡಿಬಿಡಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಮೂವತ್ತು ವರ್ಷದ್ದು ಇಟ್ಟುಕೊಂಡರೆ ಮೂರು ತಿಂಗಳಿಗೆ ಮತ್ತೆ ಇದೇ ಕೆಲಸ.

ಕಿಂಗ್‌ಪಿನ್ ಬೇರಿಂಗ್ ಯಾಕೆ ಹೋಗುತ್ತದೆ ಅಂತ ಹೇಳಿಬಿಡುತ್ತೇನೆ, ಬಿಚ್ಚಿದಾಗ ಏನು ನೋಡಬೇಕು ಅಂತ ಗೊತ್ತಾಗುತ್ತದೆ. ವೀಲ್ ಬೇರಿಂಗ್ ಸುತ್ತುತ್ತಲೇ ಇರುತ್ತದೆ, ಗ್ರೀಸ್ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಕಿಂಗ್‌ಪಿನ್ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ. ಸ್ಟೀರಿಂಗ್ ತಿರುಗಿಸಿದಷ್ಟೇ ಅದರ ಓಡಾಟ. ನೇರ ರಸ್ತೆಯಲ್ಲಿ ವರ್ಷಗಟ್ಟಲೆ ರೋಲರ್‌ಗಳು ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತಾ ರೇಸಿನ (ರೋಲರ್ ಓಡುವ ಉಕ್ಕಿನ ಬಳೆ) ಮೇಲೆ ಗೀರು-ಗುಣಿ ಮಾಡುತ್ತವೆ. ಬಿಚ್ಚಿದ ಮೇಲೆ ಹಳೇ ರೇಸನ್ನು ಒರೆಸಿ ಬೆಳಕಿಗೆ ಹಿಡಿಯಿರಿ, ಸಾಲಾಗಿ ಗೆರೆ ಕಾಣುತ್ತವೆ.

ಕೆಲಸದ ಕ್ರಮ ಪುಸ್ತಕದಲ್ಲಿದೆ. ಪುಸ್ತಕ ಹೇಳದ್ದು ನಾನು ಹೇಳುತ್ತೇನೆ.

ಟೈರಾಡ್ ಎಂಡ್ ಬಿಡಿಸಲು ಫೋರ್ಕ್ ತರಹದ ಸಾಮಾನು ಹೊಡೆದರೆ ರಬ್ಬರ್ ಬೂಟ್ ಹರಿಯುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಕೊನೆಯ ಎರಡು ಸುತ್ತು ಬಿಟ್ಟು, ಅದು ಕೂತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಬಿಗಿ ಏಟು ಕೊಡಿ. ಇನ್ನೊಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿರಬೇಕು. ತಾನೇ ಕಳಚುತ್ತದೆ.

ಸ್ಟೀರಿಂಗ್ ತೋಳಿನ ಸ್ಟಡ್‌ಗಳಲ್ಲಿ ಕೋನ್ ವಾಷರ್ ಇದ್ದರೆ ಅವನ್ನು ಕಿತ್ತು ತೆಗೆಯಲು ಹೋಗಬೇಡಿ. ತೋಳಿನ ಮೇಲೆ, ಸ್ಟಡ್ಡಿನ ಪಕ್ಕದಲ್ಲಿ, ಹಿತ್ತಾಳೆ ಸರಳಿಟ್ಟು ಹೊಡೆದರೆ ಹಾರಿ ಬರುತ್ತವೆ. ಹಾರುತ್ತವೆ ಅಂದರೆ ನಿಜವಾಗಿಯೂ ಹಾರುತ್ತವೆ. ನಟ್ಟನ್ನು ಎರಡು ಸುತ್ತು ಬಿಟ್ಟಿರಿ, ಕನ್ನಡಕ ಹಾಕಿಕೊಳ್ಳಿ.

ಮುಖ್ಯವಾದದ್ದು ಶಿಮ್. ಕಿಂಗ್‌ಪಿನ್ನಿನ ಮೇಲಿನ ಮುಚ್ಚಳ, ಕೆಳಗಿನ ಮುಚ್ಚಳದ ಅಡಿಯಲ್ಲಿ ತೆಳು ಹಾಳೆಗಳಿರುತ್ತವೆ. ಎಡ-ಮೇಲು, ಎಡ-ಕೆಳಗೆ, ಬಲ-ಮೇಲು, ಬಲ-ಕೆಳಗೆ ಅಂತ ನಾಲ್ಕು ಕಟ್ಟು ಬೇರೆ ಬೇರೆ ತಂತಿಯಲ್ಲಿ ಕಟ್ಟಿ, ಚೀಟಿ ಹಾಕಿ. ಬೆರೆಸಿದರೆ ಅರ್ಧ ದಿನ ಹೋಯಿತು.

ಹೊಸ ರೇಸನ್ನು ರಾತ್ರಿ ಫ್ರೀಜರಿನಲ್ಲಿಡಿ. ಲೋಹ ಕುಗ್ಗಿರುತ್ತದೆ, ಸಲೀಸಾಗಿ ಕೂರುತ್ತದೆ. ನೇರ ಸುತ್ತಿಗೆಯಲ್ಲಿ ಹೊಡೆಯಬೇಡಿ, ಹಳೇ ರೇಸನ್ನೇ ಮೇಲಿಟ್ಟು ಅದರ ಮೇಲೆ ಹೊಡೆಯಿರಿ.

ಕೊನೆಗೆ ಬಿಗಿ ನೋಡುವುದು. ಟೈರಾಡ್ ಕಟ್ಟುವ ಮೊದಲು, ಒಳಗಿನ ಶಾಫ್ಟ್ ಮತ್ತು ಸೀಲ್ ಹಾಕದೆ, ಸ್ಟೀರಿಂಗ್ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಕಲ್ ತಿರುಗಲು ಎಷ್ಟು ಎಳೆತ ಬೇಕು ಅಂತ ಪುಸ್ತಕದಲ್ಲಿದೆ. ಕಡಿಮೆ ಬಂದರೆ ಒಂದು ತೆಳು ಶಿಮ್ ತೆಗೆಯಿರಿ, ಜಾಸ್ತಿ ಬಂದರೆ ಒಂದು ಸೇರಿಸಿ. ಬೇರೆಲ್ಲ ಬಿಟ್ಟರೂ ಇದೊಂದು ಬಿಡಬೇಡಿ. ಈ ಬಿಗಿಯೇ ನಡುಕವನ್ನು ತಡೆಯುವುದು.

ಮಣ್ಣುದಾರಿ

ಇಷ್ಟೆಲ್ಲ ಯಾಕೆ? ನನ್ನ ಗಾಡಿಗೂ ಇದೇ ಇತ್ತು. ಭಾರಿ ಡ್ಯಾಂಪರ್ ಒಂದು ಹಾಕಿಸಿದೆ, ಎರಡು ವರ್ಷ ಆಯಿತು, ಏನೂ ಇಲ್ಲ.

ಹಳೇಪಾನಾ

ಮಣ್ಣುದಾರಿ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೇರಿಂಗ್ ಈ ಎರಡು ವರ್ಷವೂ ಸವೆಯುತ್ತಲೇ ಇದೆ, ನಿಮಗೆ ಗೊತ್ತಾಗುತ್ತಿಲ್ಲ ಅಷ್ಟೇ. ಡ್ಯಾಂಪರ್ ಸೋತ ದಿನ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಮುಂದಿನ ಭಾಗ ಸರಿಯಾಗಿದ್ದರೆ ಗಾಡಿ ಡ್ಯಾಂಪರ್ ಇಲ್ಲದೆಯೂ ನೇರ ಓಡಬೇಕು. ಡ್ಯಾಂಪರ್ ಇರುವುದು ಕಲ್ಲಿನ ಪೆಟ್ಟು ಕೈಗೆ ಬಡಿಯದಿರಲಿ ಅಂತ.

ಬಿಡುವಾದಾಗ ಬ್ರೇಕ್ ಒತ್ತಿ 12-6 ಪರೀಕ್ಷೆ ಮಾಡಿ ನೋಡಿ. ಅಲ್ಲಾಡದಿದ್ದರೆ ನನ್ನ ಮಾತು ವಾಪಸ್.

ಕೆಸರುಚಕ್ರ (ಒಂದು ವಾರದ ಮೇಲೆ)

ಎಡಗಡೆ ಬಿಚ್ಚಿದೆ. ಗ್ರೀಸ್‌ಕೈ ಹೇಳಿದ ಗೆರೆಗಳು ಕೆಳಗಿನ ರೇಸಿನಲ್ಲಿ ಬೆರಳಿಗೇ ಸಿಗುತ್ತವೆ. ಒಂದು ರೋಲರ್ ಅರ್ಧಕ್ಕೆ ತುಂಡಾಗಿತ್ತು. ನಕಲ್ ಒಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ನೀರಾದ ಕಪ್ಪು ಕೆಸರು. ಡಿಫ್ ಆಯಿಲ್ ಆಕ್ಸಲ್ ಸೀಲ್ ದಾಟಿ ಬಂದು ಗ್ರೀಸನ್ನು ತೊಳೆದುಹಾಕಿದೆ ಅನಿಸುತ್ತದೆ. ಆ ಸೀಲೂ ಹೊಸದು ಹಾಕುತ್ತೇನೆ.

ಈಗ ನನ್ನ ದಡ್ಡತನ. ಹೇಗೂ ಬಿಚ್ಚಿದ್ದೇನಲ್ಲ, ಮುಂದಿನ ಡಿಫ್ ಆಯಿಲೂ ಬದಲಾಯಿಸೋಣ ಅಂತ ಕೆಳಗಿನ ಪ್ಲಗ್ ತೆಗೆದು ಆಯಿಲ್ ಇಳಿಸಿದೆ. ಆಮೇಲೆ ತುಂಬುವ ಪ್ಲಗ್ ತೆಗೆಯಲು ಹೋದರೆ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮೂಲೆಗಳು ಉರುಟಾಗಿಬಿಟ್ಟವು. ಆಯಿಲ್ ಇಲ್ಲದ ಡಿಫ್ ಇಟ್ಟುಕೊಂಡು ಕೂತಿದ್ದೇನೆ.

ಇನ್ನೊಂದು, ಇಳಿದ ಆಯಿಲ್ ಬೂದು-ಬಿಳಿ ಬಣ್ಣದ್ದು.

ಲೋರೇಂಜ್

ಹಹಾ, ಈ ಸಂಘಕ್ಕೆ ಸ್ವಾಗತ. ನಾವೆಲ್ಲ ಒಂದೊಂದು ಸಲ ಇದನ್ನು ಮಾಡಿಯೇ ಕಲಿತವರು. ಯಾವ ಗಿಯರ್‌ಬಾಕ್ಸ್, ಯಾವ ಡಿಫ್ ಆದರೂ ಸರಿ, ತುಂಬುವ ಪ್ಲಗ್ ಬಿಚ್ಚಿಕೊಂಡ ಮೇಲೆಯೇ ಇಳಿಸುವ ಪ್ಲಗ್ ಮುಟ್ಟಬೇಕು.

ಬಿಳಿ ಆಯಿಲ್ ಅಂದರೆ ನೀರು ಸೇರಿದೆ. ಆಕ್ಸಲ್ ಮೇಲೆ ಒಂದು ಸಣ್ಣ ಬ್ರೀದರ್ (ಗಾಳಿ ಆಡುವ ಕಿಂಡಿ) ಇರುತ್ತದೆ, ನೋಡಿ. ಅದು ಕಟ್ಟಿಕೊಂಡಿರುತ್ತದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹೊಳೆ ನೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಬ್ರೀದರಿನಿಂದ ಗಾಳಿ ಬರದಿದ್ದರೆ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಎಂಜಿನ್ ಕೋಣೆಯಲ್ಲಿ ಮೇಲಕ್ಕೆ ಕಟ್ಟಿಬಿಡಿ. ಪೈಪಿಗೆ ಅಡ್ಡಾದಿಡ್ಡಿ ಬಾಗು ಬೇಡ, ಆಕ್ಸಲ್ ಕೆಳಗೆ ಇಳಿದಾಗ ಎಳೆಯದಷ್ಟು ಉದ್ದ ಬಿಡಿ.

ಗ್ರೀಸ್‌ಕೈ

ಪ್ಲಗ್ ಬಗ್ಗೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪ್ಲಗ್ಗಿನ ತಲೆಗೆ ನೇರವಾಗಿ ನಾಲ್ಕು ಏಟು ಕೊಡಿ, ಥ್ರೆಡ್ಡಿನ ಬಿಗಿ ಬಿಡುತ್ತದೆ. ಮೊದಲು ಬಿಗಿಸುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಸುತ್ತಲಿನ ಹೌಸಿಂಗನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ. ಬೆಂಕಿ ಬೇಡ, ಒಳಗೆ ಆಯಿಲಿನ ಆವಿ ಇದೆ. ಉರುಟಾದ ತಲೆಗೆ ಹನ್ನೆರಡು ಮೂಲೆಯ ಸಾಕೆಟ್ ಹಿಡಿಯುವುದಿಲ್ಲ. ಆರು ಮೂಲೆಯದು, ಒಂದು ಸೈಜ್ ಚಿಕ್ಕದನ್ನು ಹೊಡೆದು ಕೂರಿಸಿ.

ಏನೂ ಆಗದಿದ್ದರೆ ಗಾಬರಿ ಬೇಡ. ಬ್ರೀದರ್ ಬಿಚ್ಚಿ ಅದೇ ತೂತಿನಿಂದ ಸಣ್ಣ ಪೈಪಿನಲ್ಲಿ ಆಯಿಲ್ ತುಂಬಬಹುದು. ಮಟ್ಟ ನೋಡಲು ಆಗುವುದಿಲ್ಲ, ಆದ್ದರಿಂದ ಪುಸ್ತಕದಲ್ಲಿರುವ ಅಳತೆಯನ್ನು ಲೆಕ್ಕ ಹಾಕಿ ಹಾಕಿ. ಆಕ್ಸಲಿನಲ್ಲಿ ನೀರಿನ ಅಂಶ ಉಳಿದಿರುತ್ತದೆ, ಸ್ವಲ್ಪ ಓಡಿಸಿ ಇನ್ನೊಂದು ಸಲ ಬದಲಾಯಿಸಿ.

ಕೆಸರುಚಕ್ರ

ಬಂತು! ಎರಡು ರಾತ್ರಿ ಎಣ್ಣೆ, ಚಿಕ್ಕ ಸಾಕೆಟ್, ಹೀಟ್ ಗನ್. ಹೊಸ ಪ್ಲಗ್, ಹೊಸ ತಾಮ್ರದ ವಾಷರ್.

ಬುದ್ಧಿ ಬಂದು ಗಿಯರ್‌ಬಾಕ್ಸಿನ ಮತ್ತು ಟ್ರಾನ್ಸ್‌ಫರ್ ಕೇಸಿನ ತುಂಬುವ ಪ್ಲಗ್‌ಗಳನ್ನೂ ಬಿಚ್ಚಿ ನೋಡಿದೆ. ಇಲ್ಲೊಂದು ಒಗಟು. ಗಿಯರ್‌ಬಾಕ್ಸಿನಲ್ಲಿ ಕಿರುಬೆರಳು ಬಗ್ಗಿಸಿ ಹಾಕಿದರೂ ಆಯಿಲ್ ಸಿಗುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಪ್ಲಗ್ ತೆಗೆದ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ನನ್ನ ತೋಳಿನ ಮೇಲೆ ಸುರಿಯಿತು. ಕೆಳಗೆ ನೆಲದ ಮೇಲೆ ಒಂದು ಹನಿ ಸೋರಿಕೆ ಇಲ್ಲ.

ಹಳೇಪಾನಾ

ಒಗಟೇನಿಲ್ಲ. ಗಿಯರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ಮಧ್ಯೆ ಒಂದೇ ಒಂದು ಸೀಲ್. ಅದು ಸೋತರೆ ಆಯಿಲ್ ಈ ಮನೆಯಿಂದ ಆ ಮನೆಗೆ ಹೋಗುತ್ತದೆ. ಹೊರಗೆ ಸೋರದ ಕಾರಣ ಯಾರೂ ನೋಡುವುದಿಲ್ಲ. ಗಿಯರ್‌ಬಾಕ್ಸ್ ಒಣಗಿ ಬೇರಿಂಗ್ ಕೂಗಿದಾಗಲೇ ಗೊತ್ತಾಗುವುದು. ನೀವು ಬೇಗ ನೋಡಿದಿರಿ.

ಸೀಲ್ ಬದಲಾಯಿಸಲು ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು. ಭಾರದ ಕೆಲಸ, ಒಬ್ಬರೇ ಮಾಡಬೇಡಿ. ಆದರೆ ಅದಕ್ಕೂ ಮೊದಲು ಗಿಯರ್‌ಬಾಕ್ಸಿನ ಬ್ರೀದರ್ ತೆಗೆದು ಊದಿ ನೋಡಿ. ಅದು ಕಟ್ಟಿದ್ದರೆ ಬಿಸಿಯಾದಾಗ ಒಳಗಿನ ಒತ್ತಡವೇ ಆಯಿಲನ್ನು ಸೀಲಿನಾಚೆಗೆ ತಳ್ಳುತ್ತದೆ. ಸೀಲ್ ತಪ್ಪಿಲ್ಲದೆಯೂ ಹೀಗಾಗಬಹುದು.

ಆಯಿಲ್ ಯಾವುದು ಹಾಕುತ್ತಿದ್ದೀರಿ?

ಕೆಸರುಚಕ್ರ

ಡಿಫ್‌ಗೆ ತಂದ ಜಿಎಲ್-5 ಅನ್ನುವ ಬಗೆಯ ಗಿಯರ್ ಆಯಿಲ್ (ದಪ್ಪ 80ಡಬ್ಲ್ಯೂ-90) ಉಳಿದಿದೆ. ಅದನ್ನೇ ಗಿಯರ್‌ಬಾಕ್ಸಿಗೂ ಹಾಕೋಣ ಅಂತಿದ್ದೆ. ಜಿಎಲ್-5 ಅಂದರೆ ಜಿಎಲ್-4ಕ್ಕಿಂತ ಒಳ್ಳೆಯದೇ ಅಲ್ವಾ?

ಹಳೇಪಾನಾ

ಅಲ್ಲ. ಅದು ಒಳ್ಳೆಯದು-ಕೆಟ್ಟದ್ದರ ಸಂಖ್ಯೆ ಅಲ್ಲ, ಕೆಲಸ ಬೇರೆ. ಡಿಫ್ ಒಳಗೆ ಹೈಪಾಯ್ಡ್ ಗಿಯರ್. ಹಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಜಾರುತ್ತವೆ. ಆ ಒತ್ತಡ ತಡೆಯಲು ಗಂಧಕ-ರಂಜಕದ ಸೇರ್ಪಡೆ ಜಾಸ್ತಿ ಇರುವ ಜಿಎಲ್-5 ಬೇಕು. ಹಳೇ ಗಿಯರ್‌ಬಾಕ್ಸಿನ ಸಿಂಕ್ರೋ ರಿಂಗ್ (ಗಿಯರ್ ಬೀಳುವ ಮೊದಲು ವೇಗ ಹೊಂದಿಸುವ ಬಳೆ) ಹಿತ್ತಾಳೆ ಜಾತಿಯದು. ಅದಕ್ಕೆ ಸ್ವಲ್ಪ ಹಿಡಿತ ಬೇಕು, ಜಿಎಲ್-5 ಜಾರಿಸಿಬಿಡುತ್ತದೆ, ಗಿಯರ್ ಬೀಳುವಾಗ ಕಿರುಗುಟ್ಟುತ್ತದೆ. ಕೆಲವು ಸೇರ್ಪಡೆಗಳು ಆ ಲೋಹವನ್ನು ತಿನ್ನುವುದೂ ಉಂಟು.

ಲೋರೇಂಜ್

ಈಗಿನ ಜಿಎಲ್-5 ಆಯಿಲ್‌ಗಳು ಹಾಗೆಲ್ಲ ಹಿತ್ತಾಳೆ ತಿನ್ನುವುದಿಲ್ಲ ಸರ್, ಅದು ಹಳೇ ಕಥೆ. ಎರಡಕ್ಕೂ ಆಗುವಂಥವೂ ಬಂದಿವೆ.

ಹಳೇಪಾನಾ

ಇರಬಹುದು. ತಿನ್ನದಿದ್ದರೂ ಜಾರುವುದಂತೂ ಜಾರುತ್ತದೆ. ಗಾಡಿ ಮಾಡಿದವರು ಪುಸ್ತಕದಲ್ಲಿ ಜಿಎಲ್-4 ಬರೆದಿದ್ದರೆ ನಾನು ಜಿಎಲ್-4 ಹಾಕುತ್ತೇನೆ. ಈ ವಾದ ನಿಮ್ಮ ಜೊತೆ ಎಷ್ಟನೇ ಸಲ ಅಂತ ನನಗೂ ಲೆಕ್ಕ ತಪ್ಪಿದೆ.

ಹೊಸಚಾಲಕ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಇಂಥದ್ದೇ ಗಾಡಿ ಹೊಸದಾಗಿ ತಗೊಂಡಿದ್ದೇನೆ. ಮಳೆಯಲ್ಲಿ ಟಾರು ರಸ್ತೆಯ ಮೇಲೆ ಫೋರ್‌ವೀಲಿಗೆ ಹಾಕಿಕೊಂಡು ಬಂದೆ. ಮಳೆ ನಿಂತ ಮೇಲೆ ಲಿವರ್ ಹೊರಗೇ ಬರುತ್ತಿಲ್ಲ. ಮುರಿದುಹೋಯಿತಾ?

ಲೋರೇಂಜ್

ಮುರಿದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಪಾರ್ಟ್‌ಟೈಮ್ ಫೋರ್‌ವೀಲಿನಲ್ಲಿ ಮುಂದೆ-ಹಿಂದೆಯ ಶಾಫ್ಟ್‌ಗಳು ಒಟ್ಟಿಗೆ ಬಿಗಿದಿರುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಒಣ ಟಾರಿನಲ್ಲಿ ಜಾರುವುದಿಲ್ಲ, ಹಗ್ಗ ಹುರಿಗೊಂಡ ಹಾಗೆ ಶಾಫ್ಟ್ ಬಿಗಿಯುತ್ತದೆ. ನಿಧಾನವಾಗಿ ನೇರ ಹಿಂದಕ್ಕೆ ಹತ್ತು ಮೀಟರ್ ಹೋಗಿ, ಲಿವರ್ ತಾನೇ ಬರುತ್ತದೆ. ಬರದಿದ್ದರೆ ಮುಂದಿನ ಒಂದು ಚಕ್ರ ಎತ್ತಿ, ಹಿಂದಿನ ಎರಡಕ್ಕೂ ಮರದ ತುಂಡು ಕೊಟ್ಟು. ಎತ್ತಿದ ಚಕ್ರ ರಪ್ಪನೆ ತಿರುಗಬಹುದು, ಕೈ ದೂರ ಇರಲಿ. ನಾಲ್ಕೂ ಟಯರ್ ಒಂದೇ ಸೈಜ್, ಒಂದೇ ಸವೆತ ಇದೆಯೇ ಅಂತಲೂ ನೋಡಿ.

ಹಳೇಪಾನಾ

ಇದಕ್ಕೆ ಒಂದು ಹಳೇ ಸಂಗತಿ ಸೇರಿಸುತ್ತೇನೆ. 1948ರ ಮೊದಲ ಲ್ಯಾಂಡ್ ರೋವರ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುತ್ತಿತ್ತು. ಈ ಹುರಿ ಬಿಗಿಯಬಾರದು ಅಂತ ಮುಂದಿನ ಶಾಫ್ಟಿಗೆ ಸೈಕಲ್ಲಿನ ಹಿಂದಿನ ಚಕ್ರದಂಥ ಫ್ರೀವೀಲ್ ಇಟ್ಟಿದ್ದರು. ಎರಡೇ ವರ್ಷದಲ್ಲಿ ಅದನ್ನು ಬಿಟ್ಟು ಬೇಕಾದಾಗ ಹಾಕಿಕೊಳ್ಳುವ ವ್ಯವಸ್ಥೆಗೆ ಬಂದರು. ನಮ್ಮ ಗಾಡಿಗಳ ಲಿವರ್ ಅದೇ ಜಾತಿಯದು.

ಕೆಸರುಚಕ್ರ (ಎರಡು ವಾರದ ಮೇಲೆ)

ಒಂದೊಂದಾಗಿ ಹೇಳುತ್ತೇನೆ.

ಗಿಯರ್‌ಬಾಕ್ಸ್ ಬ್ರೀದರ್ ಬಿಚ್ಚಿದರೆ ಒಳಗೆ ಕಣಜದ ಮಣ್ಣಿನ ಗೂಡು! ನಾಲ್ಕು ವರ್ಷ ನಿಂತ ಗಾಡಿಯಲ್ಲಿ ಯಾರೋ ಸಂಸಾರ ಹೂಡಿದ್ದರು. ತೊಳೆದು ಹಾಕಿ, ಗಿಯರ್‌ಬಾಕ್ಸಿಗೆ ಜಿಎಲ್-4 ತುಂಬಿದೆ. ಎರಡು ವಾರದಲ್ಲಿ ಮಟ್ಟ ಒಂದು ಕೂದಲೂ ಇಳಿದಿಲ್ಲ. ಸೀಲ್ ಸದ್ಯಕ್ಕೆ ಮುಟ್ಟುತ್ತಿಲ್ಲ, ತಿಂಗಳಿಗೊಮ್ಮೆ ಬೆರಳು ಹಾಕಿ ನೋಡುತ್ತೇನೆ.

ಕಿಂಗ್‌ಪಿನ್ ಎರಡೂ ಕಡೆ ಆಯಿತು. ಎಡಗಡೆ ತಕ್ಕಡಿಯಲ್ಲಿ ಕಡಿಮೆ ಬಂತು. ಒಂದು ತೆಳು ಶಿಮ್ ತೆಗೆದೆ, ಸರಿಹೋಯಿತು. ವೀಲ್ ಬೇರಿಂಗ್ ಪುಸ್ತಕದಲ್ಲಿದ್ದ ಹಾಗೆ ಹಬ್ ಸುತ್ತಿಸುತ್ತಾ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಅಳತೆಗೆ ತಂದು ಲಾಕ್ ವಾಷರ್ ಮಡಚಿದೆ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಮೇಲೆ ಕೈಯಿಟ್ಟೆ. ಬೆಚ್ಚಗಿದೆ, ಸುಡುವುದಿಲ್ಲ.

‘ಟಣ್’ ಸದ್ದು ಟ್ರಾನ್ಸ್‌ಫರ್ ಕೇಸಿನದಲ್ಲ. ಹಿಂದಿನ ಶಾಫ್ಟಿನ ಯು-ಜಾಯಿಂಟ್ (ಶಾಫ್ಟ್ ಕೋನದಲ್ಲೂ ತಿರುಗಲು ಬಿಡುವ ಕೀಲು) ಕಪ್ಪಿನ ಸುತ್ತ ಕೆಂಪು ಪುಡಿ ಕಂಡಿತು. ಶಾಫ್ಟ್ ಹಿಡಿದು ಹಿಂದೆ-ಮುಂದೆ ತಿರುಚಿದರೆ ಕೀಲಿನ ನಡುವಿನ ಕ್ರಾಸ್ ಕಪ್ಪಿನೊಳಗೆ ಅಲ್ಲಾಡುತ್ತಿತ್ತು. ಹೊಸ ಕ್ರಾಸ್ ಹಾಕುವಾಗ ಒಂದು ಸರ್ಕ್ಲಿಪ್ ಏನು ಮಾಡಿದರೂ ಕೂರಲಿಲ್ಲ. ಒಂದು ಗಂಟೆ ಒದ್ದಾಡಿ ಕಪ್ ಹೊರತೆಗೆದರೆ ಒಂದು ಸೂಜಿ ರೋಲರ್ ಅಡ್ಡ ಬಿದ್ದು ತಳದಲ್ಲಿ ಮಲಗಿತ್ತು. ಗ್ರೀಸಿನಲ್ಲಿ ಅಂಟಿಸಿ ಮತ್ತೆ ಕೂರಿಸಿದೆ.

ಸದ್ದು ಪೂರ್ತಿ ಹೋಗಿದೆ. ಆದರೆ 40ರ ಮೇಲೆ ಈಗ ಸೀಟಿನ ಕೆಳಗೆ ಹೊಸದೊಂದು ಗುಂಯ್ ಅನ್ನುವ ಕಂಪನ. ಮೊದಲು ಇರಲಿಲ್ಲ.

ಗ್ರೀಸ್‌ಕೈ

ಶಾಫ್ಟಿನ ಮಧ್ಯದ ಜಾರು ಜಾಯಿಂಟ್ ಕಳಚಿದ್ದಿರಾ? ಬಿಚ್ಚುವ ಮೊದಲು ಗುರುತು ಹಾಕಿದ್ದಿರಾ?

ಕೆಸರುಚಕ್ರ

ಕಳಚಿದ್ದೆ. ಗ್ರೀಸ್ ಒರೆಸಿ ಹೊಸದು ತುಂಬಲು. ಗುರುತು… ಇಲ್ಲ.

ಗ್ರೀಸ್‌ಕೈ

ಹಾಗಾದರೆ ಅದೇ. ಒಂದು ಯು-ಜಾಯಿಂಟ್ ಕೋನದಲ್ಲಿ ತಿರುಗುವಾಗ ಶಾಫ್ಟ್ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ಓಡಿ, ಎರಡು ಸಲ ನಿಧಾನವಾಗುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಆ ಏರಿಳಿತವನ್ನು ಉಲ್ಟಾ ಮಾಡಿ ಸರಿದೂಗಿಸುತ್ತದೆ. ಅದಕ್ಕೆ ಶಾಫ್ಟಿನ ಎರಡೂ ತುದಿಯ ಯೋಕುಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿರಬೇಕು. ಸ್ಪ್ಲೈನ್ (ಜಾರು ಜಾಯಿಂಟಿನ ಹಲ್ಲುಸಾಲು) ಒಂದೆರಡು ಹಲ್ಲು ಆಚೀಚೆ ಕೂತರೆ ಲೆಕ್ಕ ತಪ್ಪುತ್ತದೆ, ಗುಂಯ್ ಅನ್ನುತ್ತದೆ. ಶಾಫ್ಟ್ ಬಿಚ್ಚಿ ನೆಲದ ಮೇಲಿಟ್ಟು ಒಂದು ತುದಿಯಿಂದ ಕಣ್ಣಿಟ್ಟು ನೋಡಿ. ಹಳೇ ಬಾಣದ ಗುರುತು ಇರುತ್ತದೆ, ಬಣ್ಣ ಕೆರೆಯಿರಿ.

ಕೆಸರುಚಕ್ರ

ಎರಡು ಹಲ್ಲು ಪಕ್ಕಕ್ಕೆ ಕೂತಿತ್ತು. ಬಾಣದ ಗುರುತೂ ಸಿಕ್ಕಿತು, ಮೂರು ಪದರ ಬಣ್ಣದ ಕೆಳಗೆ. ಈಗ ಕಂಪನ ಇಲ್ಲ.

ಇವತ್ತು ಬೆಳಗ್ಗೆ ಹಳೇಪಾನಾ ಸರ್ ಹೇಳಿದ ಹಾಗೆ ಡ್ಯಾಂಪರ್ ಬಿಚ್ಚಿಟ್ಟು ಖಾಲಿ ರಸ್ತೆಯಲ್ಲಿ ಓಡಿಸಿದೆ. 40, 50, 55, ಆಮೇಲೆ 60. ಬೇಕೆಂದೇ ಒಂದು ಸಣ್ಣ ಗುಂಡಿಗೆ ಇಳಿಸಿದೆ, ಕಾಲು ಬ್ರೇಕಿನ ಮೇಲೇ ಇತ್ತು. ಕೈಗೆ ಒಂದು ಪೆಟ್ಟು ಬಿತ್ತು, ಅಷ್ಟೇ. ನೇರ ಹೋಯಿತು. ತಿರುಗಿ ಬಂದು ಇನ್ನೆರಡು ಸಲ ಇಳಿಸಿದೆ, ನಂಬಿಕೆ ಬರಬೇಕಲ್ಲ. ಡ್ಯಾಂಪರ್ ವಾಪಸ್ ಕಟ್ಟಿದ್ದೇನೆ. ಸ್ಟೀರಿಂಗ್ ಬಾಕ್ಸ್ ಅಪ್ಪ ಬಿಟ್ಟ ಹಾಗೇ ಇದೆ.

ಮಣ್ಣುದಾರಿ

ಹಳೇಪಾನಾ ಅವರೇ, 12-6 ಮಾಡಿ ನೋಡಿದೆ. ಬ್ರೇಕ್ ಒತ್ತಿದರೂ ಅಲ್ಲಾಡುತ್ತಿದೆ. ಎರಡೂ ಕಡೆ. ಏನೂ ಹೇಳಬೇಡಿ, ಬೇರಿಂಗ್ ತರಿಸಿದ್ದೇನೆ.

ಹಳೇಪಾನಾ

ನಾನೇನೂ ಹೇಳಲಿಲ್ಲ.

ಕೆಸರುಚಕ್ರ, 500 ಕಿಲೋಮೀಟರ್ ಆದ ಮೇಲೆ ಕಿಂಗ್‌ಪಿನ್ ಮುಚ್ಚಳದ ನಟ್ಟು, ಶಾಫ್ಟಿನ ಬೋಲ್ಟು ಮತ್ತೊಮ್ಮೆ ಟಾರ್ಕ್ ನೋಡಿ. 12-6 ಕೂಡ ಇನ್ನೊಮ್ಮೆ. ಹೊಸ ರೇಸ್ ಸ್ವಲ್ಪ ಕೂತುಕೊಳ್ಳುತ್ತದೆ.

ಕೆಸರುಚಕ್ರ

ಖಂಡಿತ. ತೆಗೆದ ಒಂದು ಶಿಮ್ ಮೇಜಿನ ಮೇಲೆ ಮಿಕ್ಕಿದೆ. ಎಸೆಯಬಹುದಾ?

ಗ್ರೀಸ್‌ಕೈ

ಬೇಡ. ‘ಎಡ-ಮೇಲು’ ಅಂತ ಬರೆದು ಡಬ್ಬಿಯಲ್ಲಿಡಿ. 500ರ ಪರೀಕ್ಷೆಯಲ್ಲಿ ಬಿಗಿ ಜಾಸ್ತಿ ಕಂಡರೆ ಅದೇ ಬೇಕಾಗುತ್ತದೆ.

ಕೆಸರುಚಕ್ರ

ಅದು ಎಡ-ಮೇಲೋ, ಎಡ-ಕೆಳಗೋ…

ಗ್ರೀಸ್‌ಕೈ

ಚೀಟಿ ಹಾಕಿ ಅಂದಿದ್ದೆನಲ್ಲ ಮಾರಾಯರೇ!